ನನ್ನ ಮೂಗಿನ ಸಿಪ್ಪೆ

ಕ್ರೀಡಾಕೂಟ ಮುಗಿದ ನಾಲ್ಕನೇ ದಿನ ನನ್ನ ಮೂಗಿನ ಚರ್ಮ ಸುಲಿಯಿತು. ಬಿಸಿಲಿನ ಶಾಖಕ್ಕೆ ಸುಟ್ಟಿತು ಅಂದುಕೊಂಡಿದ್ದೆ. ಶಾಖವಲ್ಲ, ನೇರಳಾತೀತ ಕಿರಣ. ಅದರಲ್ಲೂ 280ರಿಂದ 315 ನ್ಯಾನೊಮೀಟರ್ ತರಂಗಾಂತರದ ಯುವಿ-ಬಿ. ಇದು ಚರ್ಮಕೋಶದ ಡಿಎನ್‌ಎಯಲ್ಲಿ ಅಕ್ಕಪಕ್ಕದ ಎರಡು ಥೈಮಿನ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಆಗ ಪಿ53 ಎಂಬ ಪ್ರೋಟೀನ್ ಕೋಶ ವಿಭಜನೆಯನ್ನು ತಡೆದು ನಿಲ್ಲಿಸುತ್ತದೆ. ಕಿಣ್ವಗಳು ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಹೊಸದನ್ನು ಕೂರಿಸುತ್ತವೆ. ಹಾನಿ ಕೈಮೀರಿದ್ದರೆ? ಅದೇ ಪಿ53 ಕೋಶವನ್ನು ಸಾವಿಗೆ ಕಳಿಸುತ್ತದೆ. ಕೋಶ ಕುಗ್ಗಿ, ತನ್ನನ್ನು ತಾನೇ ಚೂರು ಮಾಡಿಕೊಳ್ಳುತ್ತದೆ. ಇದೇ ಅಪೊಪ್ಟೋಸಿಸ್.

ಪಿ53ರ ಜೀನೇ ಕೆಟ್ಟರೆ ಸಾಯಬೇಕಾದ ಕೋಶ ಬದುಕಿ ವಿಭಜನೆಯಾಗುತ್ತಾ ಹೋಗುತ್ತದೆ. ಚರ್ಮದ ಕ್ಯಾನ್ಸರ್ ಹೀಗೂ ಶುರುವಾಗಬಹುದು.

ನನ್ನ ಅಬ್ಬಾ ಗಾರೆ ಕೆಲಸದವರು, ದಿನವಿಡೀ ಬಿಸಿಲಲ್ಲಿ. ತುಂಬುತೋಳಿನ ಅಂಗಿ ಹಾಕಿಕೊಳ್ಳಿ ಎಂದೆ. “ಮೊದಲು ನಿನ್ನ ಮೂಗು ನೋಡ್ಕೋ” ಎಂದು ನಕ್ಕರು. ಮರುದಿನ ಹಾಕಿಕೊಂಡೇ ಹೋದರು.