ಟೋರ್ಬೆಲ್‌ನ ಹಸುಗಳೂ ಮದುವೆಯಾಗದ ಮಕ್ಕಳೂ

ಸ್ವಿಟ್ಜರ್ಲೆಂಡಿನ ವಲೇ ಪ್ರಾಂತದಲ್ಲಿ ಟೋರ್ಬೆಲ್ ಎಂಬ ಗುಡ್ಡದೂರಿದೆ. ಎತ್ತರ ಸುಮಾರು 1,500 ಮೀಟರ್. ಆ ಊರಿನವರು 1517ರಲ್ಲಿ ಒಂದು ಕಟ್ಟಳೆ ಬರೆದಿಟ್ಟರು: ಚಳಿಗಾಲವಿಡೀ ಎಷ್ಟು ಹಸುಗಳನ್ನು ಸ್ವಂತ ಮೇವಿನಿಂದ ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಊರ ಗೋಮಾಳಕ್ಕೆ ಹೊಡೆಯಬೇಕು. ಹೆಚ್ಚು ಹೊಡೆದರೆ ದಂಡ. ದಂಡ ಹಾಕಲು ಊರಿನವರೇ ನೇಮಿಸಿದ ಒಬ್ಬ ಅಧಿಕಾರಿ ಇರುತ್ತಿದ್ದ. ವಸೂಲಾದದ್ದರಲ್ಲಿ ಅರ್ಧ ಅವನಿಗೇ ಸೇರುತ್ತಿತ್ತು. ಹಸು ಎಣಿಸುವ ಕೆಲಸದಲ್ಲಿ ಅವನು ಒಂದು ದಿನವಾದರೂ ಮೈಗಳ್ಳತನ ಮಾಡಿದ್ದಾನೆಂದು ನಾನು ನಂಬಲಾರೆ.

ಕಟ್ಟಳೆಯ ಜಾಣತನವಿರುವುದು ಲೆಕ್ಕದಲ್ಲಿ. ಮೇಲಿನ ಗೋಮಾಳ ಎಲ್ಲರದು, ಆದರೆ ಹುಲ್ಲು ಕೊಯ್ದು ಒಣಗಿಸುವ ಕೆಳಗಿನ ಜಮೀನು ಅವರವರದು. ಮಳೆ ಕಡಿಮೆ ಬೀಳುವ ಆ ಕಣಿವೆಯಲ್ಲಿ ಹಿಮ ಕರಗಿದ ನೀರನ್ನು ಕಾಲುವೆಯಲ್ಲಿ ತಿರುಗಿಸಿ ತಂದರಷ್ಟೇ ಹುಲ್ಲು ಬೆಳೆಯುತ್ತದೆ. ಹಿಮ ಬಿದ್ದ ತಿಂಗಳುಗಳಲ್ಲಿ ದನ ಕೊಟ್ಟಿಗೆ ಬಿಟ್ಟು ಕದಲುವುದಿಲ್ಲ. ಹಾಗಾಗಿ ವಸಂತದಲ್ಲಿ ಸಂತೆಯಿಂದ ಹತ್ತು ದನ ಕೊಂಡು ತಂದು, ಊರ ಹುಲ್ಲು ಮೇಯಿಸಿ ಕೊಬ್ಬಿಸಿ, ಹಿಮ ಬೀಳುವ ಮೊದಲು ಮಾರಿ ಕೈತೊಳೆದುಕೊಳ್ಳುವ ದಾರಿ ಮುಚ್ಚಿಹೋಯಿತು. ಗೋಮಾಳದಲ್ಲಿ ಕಾಯಿಸಿದ ಗಿಣ್ಣನ್ನೂ ಪ್ರತಿಯೊಬ್ಬರ ಹಸು ಕೊಟ್ಟ ಹಾಲಿನ ಪ್ರಮಾಣ ನೋಡಿಯೇ ಹಂಚುತ್ತಿದ್ದರು. ಸೌದೆಗೆ ಕಡಿದ ಮರವನ್ನು ಸಮನಾಗಿ ರಾಶಿ ಹಾಕಿ, ಯಾವ ರಾಶಿ ಯಾವ ಮನೆಗೆಂದು ಚೀಟಿ ಎತ್ತುತ್ತಿದ್ದರು.

ಊರಿನ ಭೂವ್ಯವಹಾರದ ಕಾಗದಪತ್ರಗಳು 1224ರಿಂದಲೇ ಸಿಗುತ್ತವೆ. ಗೋಮಾಳ, ಕಾಡು, ಬೀಳುಗಳ ಬಳಕೆಗೆ ನಿಯಮ ಕಟ್ಟಿ ಊರವರು ಒಕ್ಕೂಟ ಮಾಡಿಕೊಂಡದ್ದು 1483ರ ಫೆಬ್ರುವರಿ 1ರಂದು. ಅಂದಿನ ಒಪ್ಪಂದದಲ್ಲೇ ಹೊರಗಿನವರಿಗೆ ಬೇಲಿ ಬಿತ್ತು: ಪರವೂರಿನವನು ಇಲ್ಲಿ ಜಮೀನು ಕೊಂಡರೂ ಗೋಮಾಳದಲ್ಲಿ ಹಕ್ಕಿಲ್ಲ, ಮರ ಕಡಿಯುವಂತಿಲ್ಲ. ಆಮೇಲಿನ ಶತಮಾನಗಳು ದನ, ಗಿಣ್ಣು, ರೈ ಬೆಳೆ, ಗಡಿ ತಕರಾರುಗಳಲ್ಲೇ ಕಳೆದವು.

ಈ ಊರು ಲೋಕದ ಕಣ್ಣಿಗೆ ಬಿದ್ದದ್ದು ಒಂದು ಜಗಳದಿಂದ. 1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್, ಎಲ್ಲರಿಗೂ ತೆರೆದಿಟ್ಟ ಹುಲ್ಲುಗಾವಲು ಹಾಳಾಗದೆ ಇರದು, ಪ್ರತಿಯೊಬ್ಬ ದನಗಾಹಿಯೂ ಇನ್ನೊಂದು ದನ ಸೇರಿಸುತ್ತಲೇ ಹೋಗುತ್ತಾನೆ ಎಂದು ವಾದಿಸಿ ಹೆಸರಾದ. ಅವನ ಹುಲ್ಲುಗಾವಲು ಕಲ್ಪನೆಯದು. ನೈಜೀರಿಯಾದ ಕೊಫ್ಯಾರ್ ರೈತರ ನಡುವೆ ಪಳಗಿದ್ದ ಮಾನವಶಾಸ್ತ್ರಜ್ಞ ರಾಬರ್ಟ್ ನೆಟ್ಟಿಂಗ್ ಟೋರ್ಬೆಲ್‌ಗೆ ಹೋಗಿ ನಿಜವಾದ ಹುಲ್ಲುಗಾವಲನ್ನೇ ನೋಡಿದ. ಹಳೆಯ ಪತ್ರಗಳನ್ನು ಓದಿದ. ಚರ್ಚಿನ ಜನನ, ಮದುವೆ, ಮರಣದ ಪುಸ್ತಕಗಳಿಂದ ಊರಿನ ವಂಶಾವಳಿಯನ್ನೇ ಜೋಡಿಸಿದ. 1981ರಲ್ಲಿ ಅವನ ಪುಸ್ತಕ ಬಂತು. ರಾಜ್ಯಶಾಸ್ತ್ರಜ್ಞೆ ಎಲಿನರ್ ಓಸ್ಟ್ರಮ್, ಊರಿನ ಸ್ವತ್ತನ್ನು ಊರವರೇ ಕಾಪಾಡಿಕೊಳ್ಳಬಲ್ಲರೆಂದು ವಾದಿಸುವ 1990ರ ತಮ್ಮ ಗ್ರಂಥದಲ್ಲಿ ಟೋರ್ಬೆಲ್‌ಗೆ ಹಿರಿಯ ಸ್ಥಾನ ಕೊಟ್ಟರು; 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದಾಗ ಈ ಹಸುಗಳ ಕಥೆ ಇನ್ನಷ್ಟು ದೂರ ಹರಡಿತು. ಜಗಳದಲ್ಲಿ ಹಾರ್ಡಿನ್ ಸೋತ ಎಂದೇ ನನ್ನ ಎಣಿಕೆ. ಕಲ್ಪನೆಯ ದನಗಾಹಿಗೆ ನೆರೆಮನೆಯವರೇ ಇರಲಿಲ್ಲ.

ನನ್ನ ಸಿಟ್ಟು ಇರುವುದು ಗೆದ್ದ ಪಕ್ಷದವರ ಮೇಲೆ. ಅವರು ಹಸುಗಳ ಲೆಕ್ಕ ಹೇಳುವಷ್ಟು ಹುರುಪಿನಿಂದ ಜನರ ಲೆಕ್ಕ ಹೇಳುವುದಿಲ್ಲ. ಟೋರ್ಬೆಲ್‌ನಲ್ಲಿ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು. ಮನೆತುಂಬ ಮಕ್ಕಳಾದರೆ ಹುಲ್ಲಿನ ಜಮೀನು ಚಿಂದಿಯಾಗಿ ಒಂದು ಹಸುವಿಗೂ ಸಾಲದು. ಹಾಗಾಗದಂತೆ ತಡೆದದ್ದು ಯಾವ ಕಟ್ಟಳೆಯೂ ಅಲ್ಲ. ಮದುವೆ ತಡವಾಗಿ ಆಗುತ್ತಿತ್ತು, ಬಹಳ ಮಂದಿಗೆ ಆಗುತ್ತಲೇ ಇರಲಿಲ್ಲ, ಮಕ್ಕಳ ನಡುವೆ ವರ್ಷಗಳ ಅಂತರವಿರುತ್ತಿತ್ತು, ಎಷ್ಟೋ ಜನ ಊರು ಬಿಟ್ಟರು. ಹೊರಗಿನಿಂದ ಬಂದು ಬೇರೂರಿದ ಹೊಸ ಮನೆತನಗಳು 1700ರ ನಂತರ ತೀರ ಅಪರೂಪ. ಹದಿನೆಂಟನೆಯ ಶತಮಾನದ ಕೊನೆಯಿಂದ ಜನಸಂಖ್ಯೆ ಏರತೊಡಗಿದ್ದಕ್ಕೆ ನೆಟ್ಟಿಂಗ್ ಬೊಟ್ಟುಮಾಡುವುದು ಆಲೂಗಡ್ಡೆಯತ್ತ. ಅಷ್ಟೇ ನೆಲದಲ್ಲಿ ಹೆಚ್ಚು ಹೊಟ್ಟೆ ತುಂಬಿಸಿದ ಗೆಡ್ಡೆ ಅದು.

ಅಣ್ಣನ ಮನೆಯ ಕೋಣೆಯೊಂದರಲ್ಲಿ ಮುಪ್ಪಾದ ಅವಿವಾಹಿತ ತಮ್ಮ, ಪಾಲಿಗೆ ಬಂದ ತುಂಡು ಜಮೀನು ಹಿಡಿದು ಕನ್ಯೆಯಾಗಿಯೇ ಉಳಿದ ತಂಗಿ: ಗೋಮಾಳ ಉಳಿದದ್ದರಲ್ಲಿ ಇಂಥವರ ಪಾಲು ದಂಡ ಹಾಕುವವನ ಪಾಲಿಗಿಂತ ಕಡಿಮೆಯೇನಲ್ಲ. ಓಸ್ಟ್ರಮ್ ಇದನ್ನು ಮುಚ್ಚಿಟ್ಟಿಲ್ಲ. ಚುಟುಕಾಗಿ ಹೇಳಿ ಮುಂದೆ ಹೋಗಿದ್ದಾರೆ. ಅವರನ್ನು ಉದ್ಧರಿಸುವವರು ಅಷ್ಟನ್ನೂ ಬಿಟ್ಟರು.

ಇಪ್ಪತ್ತನೆಯ ಶತಮಾನದಲ್ಲಿ ಕೆಳಗಿನ ವಿಸ್ಪ್ ಪಟ್ಟಣದ ಲೋನ್ಜಾ ರಾಸಾಯನಿಕ ಕಾರ್ಖಾನೆ ಸುತ್ತಲ ಗುಡ್ಡದೂರುಗಳಿಗೆಲ್ಲ ಸಂಬಳದ ರುಚಿ ಹತ್ತಿಸಿತು. ಹಸುವಿನ ಲೆಕ್ಕ ನೋಡಿ ಬದುಕು ಹೂಡುವ ಅಗತ್ಯ ಅಲ್ಲಿಗೆ ಸಡಿಲವಾಯಿತು. ಇಂದು ಟೋರ್ಬೆಲ್‌ನಲ್ಲಿರುವುದು ಐನೂರರ ಆಸುಪಾಸು ಜನ.