ಜಾತ್ರೆಯ ಫೋಟೋ ಬೇರೆ, ಸಾತಬಾರಾ ಬೇರೆ

ಸೊಲ್ಲಾಪುರದ ಗಡ್ಡಾ ಜಾತ್ರೆಯ ನಂದಿಧ್ವಜ, ಹೊಲದ ಸಾತಬಾರಾ ಉತಾರ ಎರಡನ್ನೂ ನಾವು ಒಂದೇ ಮೊಬೈಲಿನಲ್ಲಿ ಹಿಡಿದು, ಒಂದೇ ರೀತಿ ಕಳಿಸುತ್ತೇವೆ. ನಂದಿಧ್ವಜ ಚೆನ್ನಾಗಿಯೇ ಕಾಣುತ್ತದೆ. ಉತಾರದಲ್ಲಿ ಮಾತ್ರ ಗಟ್ ನಂಬರಿನ ಮರಾಠಿ ಅಂಕಿ ಒಂದೋ ಒಂಬತ್ತೋ ತಿಳಿಯದು. ಅರ್ಜಿ ವಾಪಸು ಬಂದರೆ ಅಕ್ಕಲಕೋಟೆಗೆ ಮತ್ತೊಂದು ಬಸ್ಸು. ಈ ಲೇಖಕನಿಗೂ ಅದು ತಪ್ಪಲಿಲ್ಲ.

ಕಾರಣ ಸರಳ. 4000 ಅಗಲ, 3000 ಎತ್ತರದ ಫೋಟೋದಲ್ಲಿ 1 ಕೋಟಿ 20 ಲಕ್ಷ ಚುಕ್ಕಿಗಳಿರುತ್ತವೆ. ಚುಕ್ಕಿಗೆ 3 ಬೈಟ್ ಎಂದರೆ ಒಟ್ಟು 36 ಎಂಬಿ. ಅಷ್ಟನ್ನೂ ಕಳಿಸಲಾಗದು, ಹಾಗಾಗಿ ಕುಗ್ಗಿಸಬೇಕು. ಹೇಗೆ ಕುಗ್ಗಿಸುತ್ತೇವೆ ಎಂಬುದೇ ಪ್ರಶ್ನೆ.

1992ರಲ್ಲಿ ಬಂದ ಜೆಪೆಗ್ ಚಿತ್ರವನ್ನು ಉದ್ದಗಲ 8 ಚುಕ್ಕಿಯ ಚೌಕಗಳಾಗಿ ಕತ್ತರಿಸಿ, ಕಣ್ಣು ಗಮನಿಸದ ಸೂಕ್ಷ್ಮ ವ್ಯತ್ಯಾಸಗಳನ್ನು ಬಿಸಾಡುತ್ತದೆ. ಮುಖ, ಆಕಾಶ, ಸಿದ್ಧೇಶ್ವರ ಕೆರೆಯ ನೀರು ಇವಕ್ಕೆ ಏನೂ ಆಗುವುದಿಲ್ಲ. ಅಕ್ಷರದ ಅಂಚು ಹಾಗಲ್ಲ. ಅಲ್ಲಿ ಕಪ್ಪಿನ ಪಕ್ಕದಲ್ಲೇ ಬಿಳಿ. ಹೆಚ್ಚು ಹಿಂಡಿದರೆ ಸುತ್ತ ಮಸಿ ಚೆಲ್ಲಿದಂತಾಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ಹೇಗೋ ಬದುಕುತ್ತದೆ. ನಮ್ಮ ಒತ್ತಕ್ಷರಗಳೂ, ದ ಮತ್ತು ಧ ನಡುವಿನ ಆ ಸಣ್ಣ ಸೀಳೂ ಮೊದಲು ಹೋಗುತ್ತವೆ.

1996ರ ಪಿಎನ್‌ಜಿ ಏನನ್ನೂ ಬಿಸಾಡುವುದಿಲ್ಲ. ಸೊಲ್ಲಾಪುರ ಚಾದರ ನೇಯುವವರಿಗೆ ಒಂದೊಂದು ಎಳೆಯನ್ನೂ ಬಿಡಿಸಿ ಹೇಳುತ್ತೇವೆಯೇ? ಇಷ್ಟು ಎಳೆ ಕೆಂಪು, ಇಷ್ಟು ಬಿಳಿ, ಮುಂದೆ ಮೊದಲಿನಂತೆಯೇ ಎಂದರೆ ಸಾಕು. ಪಿಎನ್‌ಜಿಯ ಲೆಕ್ಕವೂ ಅಂಥದ್ದೇ. ಲಾಂಛನ, ನಕಾಶೆ, ಪರದೆಯಿಂದ ತೆಗೆದ ಚಿತ್ರಕ್ಕೆ ಅದು ಒಳ್ಳೆಯದು. ಜಾತ್ರೆಯ ಜನಜಂಗುಳಿಯಲ್ಲಿ ಮರಳಿ ಬರುವ ವಿನ್ಯಾಸವೆಲ್ಲಿದೆ? ಅಲ್ಲಿ ಕಡತ ಜೆಪೆಗ್‌ಗಿಂತ ಹಲವು ಪಟ್ಟು ಊದಿಕೊಳ್ಳುತ್ತದೆ.

1987ರ ಗಿಫ್‌ನಲ್ಲಿ ಒಂದು ಚಿತ್ರಕ್ಕೆ 256 ಬಣ್ಣಗಳಷ್ಟೇ. ಕನ್ನಡ ಫಾಂಟ್ ಎಲ್ಲ ಗಣಕಗಳಲ್ಲೂ ಇಲ್ಲದ ಕಾಲದಲ್ಲಿ ಕೆಲವು ತಾಣಗಳು ಶೀರ್ಷಿಕೆಯನ್ನೇ ಚಿತ್ರವಾಗಿ ಹಾಕುತ್ತಿದ್ದವು. ಓದಲು ಬಂತು, ಹುಡುಕಲು ಬರಲಿಲ್ಲ. 2010ರಲ್ಲಿ ಗೂಗಲ್ ತಂದ ವೆಬ್‌ಪಿ ಎರಡೂ ಬಗೆಯಲ್ಲಿ ಕುಗ್ಗಿಸಬಲ್ಲದು, ಆದರೆ ಅರ್ಜಿ ತಾಣಗಳೆಲ್ಲ ಅದನ್ನು ಒಪ್ಪುವುದಿಲ್ಲ.

ಈಗ ಉತಾರದ ವಿಷಯ. ಮಹಾರಾಷ್ಟ್ರ ಸರಕಾರದ ಮಹಾಭೂಮಿ ತಾಣದಲ್ಲಿ ಡಿಜಿಟಲ್ ಸಹಿಯ ಸಾತಬಾರಾ ಪಿಡಿಎಫ್ ಆಗಿಯೇ ಸಿಗುತ್ತದೆ. ಸಿಕ್ಕರೆ ಫೋಟೋ ಗೊಡವೆಯೇ ಬೇಡ. ಹಳೆಯ ಕಾಗದವಾದರೆ ಹಗಲು ಬೆಳಕಿನಲ್ಲಿ ಹಿಡಿಯಿರಿ. ಕಾಗದದ ಫೋಟೋ ಪಿಎನ್‌ಜಿಗೂ ಕಷ್ಟವೇ, ಬಿಳಿ ಎಂದು ಕಂಡದ್ದು ನೂರು ಬಗೆಯ ಬೂದು. ಆದ್ದರಿಂದ ಮೊಬೈಲಿನ ಸ್ಕ್ಯಾನ್ ಸೌಲಭ್ಯದಲ್ಲಿ ಕಪ್ಪುಬಿಳುಪು ಮಾಡಿ. 50 ಕೆಬಿ ಒಳಗೆ ಬೇಕೆಂದರೆ ಗುಣಮಟ್ಟದ ಅಂಕಿಗೆ ಮೊದಲೇ ಕೈ ಹಾಕಬೇಡಿ. ಸುತ್ತಲಿನ ಮೇಜು, ಬೆರಳು ಕತ್ತರಿಸಿ, ಅಕ್ಷರ ಓದಲು ಬರುವಷ್ಟೇ ಅಳತೆ ಕಡಿಮೆ ಮಾಡಿ, ಆಮೇಲೆ ಗುಣಮಟ್ಟ ಇಳಿಸಿ. ವಾಟ್ಸ್ಯಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಹೋದರೆ ಮತ್ತೊಮ್ಮೆ ಹಿಂಡಲ್ಪಡುತ್ತದೆ. ಮೂಲ ಕಡತ ಅಳಿಸಬೇಡಿ. ಮಸುಕಾದ ಜೆಪೆಗ್ ಅನ್ನು ಪಿಎನ್‌ಜಿ ಎಂದು ಉಳಿಸಿದರೂ ಹೋದ ಒತ್ತಕ್ಷರ ವಾಪಸು ಬಾರದು.