ಉಂಡ ಮೇಲೂ ‘ಉಂಡಿಲ್ಲ’ ಅನ್ನುವ ಅತ್ತೆ

‘ಮುಂಜಾನಿಂದ ನನಗ ಯಾರೂ ಊಟಕ್ಕ ನೀಡಿಲ್ಲ!’

ಉಂಡು ಕೈ ತೊಳೆದ ಅತ್ತೆ ಹೀಗಂದರೆ ಸೊಸೆ ಏನು ಹೇಳಬೇಕು? ‘ಈಗಷ್ಟ ಉಂಡೀರಲ್ಲ’ ಅಂದರೆ ಜಗಳ. ‘ಬರ್ರಿ ಅತ್ತೀ, ಕುಂದರ್ರಿ, ಚಾ ಮಾಡ್ತೀನಿ’ ಅಂದರೆ ಮನಸ್ಸು ಬೇರೆ ಕಡೆ ಹೊರಳುತ್ತದೆ. ಇದು ಹಟವಲ್ಲ, ಡಿಮೆನ್ಷಿಯಾ. ಮೆದುಳಿನ ಕಾಯಿಲೆ.

ಇಂಥವರನ್ನು ನೋಡಿಕೊಳ್ಳುವ ರೀತಿಯನ್ನು ಫೋನಿನಲ್ಲೇ ಕಲಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ‘ಐಸಪೋರ್ಟ್’ ಮನೆಯವರಿಗಾಗಿಯೇ ಮಾಡಿದ ಆನ್‌ಲೈನ್ ತರಬೇತಿ. ಭಾರತದ ಮನೆಗಳಿಗೆ ತಕ್ಕಂತೆ ಅದನ್ನು ಹೊಂದಿಸಿದವರು ಬೆಂಗಳೂರಿನ ನಿಮ್ಹಾನ್ಸ್ ತಜ್ಞರು. ಅದರಲ್ಲಿ ಐದು ಭಾಗ. ಸ್ನಾನ, ಊಟ, ಸಿಟ್ಟು, ಅನುಮಾನ ಎಲ್ಲವೂ ಇವೆ. ನನಗೆ ತುಂಬ ಮುಖ್ಯ ಅನಿಸಿದ್ದು ಆರೈಕೆ ಮಾಡುವವರ ಸ್ವಂತ ಆರೋಗ್ಯದ ಭಾಗ. ರಾತ್ರಿಯಿಡೀ ಎದ್ದು ಕೂತ ಸೊಸೆಯನ್ನು ‘ನೀ ಉಂಡೀಯೇನವ್ವಾ?’ ಅಂತ ಕೇಳುವವರು ಕಡಿಮೆ.

ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಮಂದಿಗೆ ಒಂದು ಮಾತು: ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಇಂಥ ಹಿರಿಯರನ್ನು ಕರೆದೊಯ್ದರೆ, ಹೆಸರು, ಊರು, ಫೋನ್ ನಂಬರ್ ಬರೆದ ಚೀಟಿ ಕಿಸೆಯಲ್ಲೋ ಸೆರಗಿನ ತುದಿಯಲ್ಲೋ ಇರಲಿ. ಜಾತ್ರೆಯ ಗದ್ದಲದಲ್ಲಿ ಕೈ ಬಿಡಬೇಡಿ.

ಫೋನಿನ ಪಾಠ ಡಾಕ್ಟರಿಗೆ ಬದಲಿಯಲ್ಲ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಹತ್ತಿರದಲ್ಲೇ ಇದೆ, ಒಮ್ಮೆ ತೋರಿಸಿ. ನಿಮಗೇ ಸಾಕಾಗಿಹೋದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ಹಗಲಿರಲಿ, ರಾತ್ರಿಯಿರಲಿ, ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.